ಮಂಕಿ ಕ್ಯಾಪ್ ಸ್ವಲ್ಪ ತೆಗೀತೀರಾ ಸಾರ್?

ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ಅಂದು ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಊರೂರಿನಿಂದ ಬಂದ ಸಾವಿರಕ್ಕೂ ಮಿಕ್ಕಿದ ಕಲಾವಿದರು ಫುಟ್‌ಪಾತಿನುದ್ದಕ್ಕೂ ಹಗ್ಗ ಕಟ್ಟಿ, ಸ್ಟ್ಯಾಂಡ್ ನಿಲ್ಲಿಸಿ, ಕ್ಯಾನ್ವಾಸುಗಳನ್ನು ಹರಡಿಕೊಂಡು ಕೂತಿರುತ್ತಾರೆ. ಅವರ ನಡುವೆ ಮಾರಲು ಏನನ್ನೂ ತಂದಿರದ ಒಂದು ಪಂಗಡವಿದೆ. ಎರಡು ಮಡಚುವ ಸ್ಟೂಲು, ಕ್ಲಿಪ್ ಹಾಕಿದ ಒಂದು ಡ್ರಾಯಿಂಗ್ ಬೋರ್ಡು, ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿ ಪೆನ್ಸಿಲು ಮತ್ತು ಇದ್ದಿಲ ಕಡ್ಡಿಗಳು, ಇಷ್ಟೇ ಅವರ ಅಂಗಡಿ. ಉಳಿದ ಸರಕು ರಸ್ತೆಯಲ್ಲಿ ತಾನಾಗಿ ನಡೆದುಕೊಂಡು ಬರುತ್ತದೆ: ಜನರ ಮುಖಗಳು.

ಸ್ಥಳದಲ್ಲೇ ಭಾವಚಿತ್ರ ಬರೆದುಕೊಡುವ ಈ ಕಲಾವಿದರಿಗೆ ಚಳಿಗಾಲವೇ ಸುಗ್ಗಿ. ಚಳಿಗಾಲವೇ ಯಾಕೆ ಎಂದರೆ ಜಾತ್ರೆ, ಉತ್ಸವಗಳ ಕಾಲ ಎಂಬ ಉತ್ತರ ಸಿಗುತ್ತದೆ. ಅದು ಅರ್ಧ ಮಾತ್ರ. ಉಳಿದರ್ಧ ಇರುವುದು ಬೆಳಕಿನಲ್ಲಿ.

ಮುಖ ಬರೆಯಲು ಉತ್ತರದ ಕಿಟಕಿಯ ಬೆಳಕು ಒಳ್ಳೆಯದು ಎಂದು ಚಿತ್ರಕಲಾ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಆ ಕಡೆಯಿಂದ ನೇರ ಬಿಸಿಲು ಬೀಳದ ಕಾರಣ ನೆರಳು ಗಂಟೆಗಟ್ಟಲೆ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಈ ನಿಯಮ ಹುಟ್ಟಿದ್ದು ಯುರೋಪಿನಲ್ಲಿ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಬೆಂಗಳೂರಿನ ನೆತ್ತಿ ದಾಟಿ ಉತ್ತರಕ್ಕೇ ವಾಲಿರುತ್ತಾನೆ. ಉತ್ತರದ ಕಿಟಕಿಯಲ್ಲೂ ಬಿಸಿಲು ಇಣುಕುತ್ತದೆ. ಪುಸ್ತಕದ ಮಾತು ಇಲ್ಲಿ ಪೂರ್ತಿ ನಿಜವಾಗುವುದು ಸೂರ್ಯ ದಕ್ಷಿಣಕ್ಕೆ ಸರಿದಿರುವ ಈ ತಿಂಗಳುಗಳಲ್ಲೇ. ಬಯಲಲ್ಲಿ ಕೂತವರಿಗಂತೂ ಲಾಭ ಇನ್ನೂ ಹೆಚ್ಚು. ಬೇಸಗೆಯ ಮಟಮಟ ಮಧ್ಯಾಹ್ನ ಕಣ್ಣಿನ ಗುಳಿಗಳು ಕಪ್ಪಾಗಿ, ಮೂಗಿನ ನೆರಳು ತುಟಿಯ ಮೇಲೆ ಬಿದ್ದು, ಎಂಥ ಚೆಲುವರೂ ಕಾಯಿಲೆಯಿಂದ ಎದ್ದವರಂತೆ ಕಾಣುತ್ತಾರೆ. ಡಿಸೆಂಬರಿನಲ್ಲಿ ನಡುಹಗಲಲ್ಲೂ ಬಿಸಿಲು ಓರೆ. ಒಂದು ಕೆನ್ನೆ ಬೆಳಗುತ್ತದೆ, ಇನ್ನೊಂದು ಮೆಲ್ಲಗೆ ನೆರಳಿಗೆ ಇಳಿಯುತ್ತದೆ. ಮುಖದ ಗಾತ್ರ ತಿಳಿಯುವುದು ಆ ಇಳಿಜಾರಿನಲ್ಲಿ.

ಚಳಿಯ ತೊಂದರೆಯೂ ಇದೆ, ಅದರ ಹೆಸರು ಮಂಕಿ ಕ್ಯಾಪ್. ಬೆಳಿಗ್ಗೆ ಬರುವ ಹಿರಿಯರು ಹಣೆ, ಕಿವಿ, ಗಲ್ಲವನ್ನೆಲ್ಲ ಉಣ್ಣೆಯೊಳಗೆ ಅಡಗಿಸಿಕೊಂಡು ಸ್ಟೂಲಿನ ಮೇಲೆ ನೆಟ್ಟಗೆ ಕೂತುಬಿಡುತ್ತಾರೆ. ಕಲಾವಿದನಿಗೆ ಬೇಕಾದ ಅಳತೆಯ ಗುರುತುಗಳೆಲ್ಲ ಇರುವುದು ಅಲ್ಲೇ. "ಸಾರ್, ಕ್ಯಾಪು..." ಎಂದರೆ "ಶೀತ ಆಗತ್ತಪ್ಪಾ" ಎಂಬ ಉತ್ತರ. ಕೊನೆಗೆ ಹೆಂಡತಿಯೇ ಬಂದು ಅದನ್ನು ಎಳೆದು ತೆಗೆದು, ಉಳಿದ ನಾಲ್ಕು ಕೂದಲನ್ನು ಕೈಯಿಂದಲೇ ಬಾಚಿ ಹೋಗುತ್ತಾರೆ.

ಆಮೇಲೆ ಹದಿನೈದು ಇಪ್ಪತ್ತು ನಿಮಿಷದ ಆಟ. ನುರಿತವರು ಮೊದಲು ಕಣ್ಣನ್ನೂ ಮೂಗನ್ನೂ ಮುಟ್ಟುವುದಿಲ್ಲ. ತಲೆ ಯಾವ ಕಡೆಗೆ ಎಷ್ಟು ವಾಲಿದೆ ಎಂಬುದಕ್ಕೆ ಒಂದು ಗೆರೆ, ಅದಕ್ಕೆ ಅಡ್ಡಲಾಗಿ ಕಣ್ಣಿನ ಮಟ್ಟಕ್ಕೊಂದು ಗೆರೆ. ಕಣ್ಣಿರುವುದು ತಲೆಯ ಮೇಲ್ಭಾಗದಲ್ಲಿ ಎಂದು ಹೊಸಬರು ತಿಳಿದಿರುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಅದು ಸರಿಸುಮಾರು ನಟ್ಟನಡುವೆ. ಎರಡು ಕಣ್ಣುಗಳ ಮಧ್ಯೆ ಇನ್ನೊಂದು ಕಣ್ಣಿಗಾಗುವಷ್ಟು ಜಾಗ. ಇದು ಎಲ್ಲರ ಲೆಕ್ಕ. ಈ ಲೆಕ್ಕವನ್ನು ಎದುರಿಗಿರುವವರು ಎಲ್ಲಿ ಮುರಿಯುತ್ತಾರೆ ಎಂದು ಹುಡುಕುವುದೇ ಹೋಲಿಕೆಯ ಗುಟ್ಟು. ಕಣ್ಣು, ಮೂಗಿನ ಬುಡ, ಬಾಯಿ ಸೇರಿ ಆಗುವ ತ್ರಿಕೋನ ಕೂತಿತೆಂದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಬಲಗೈಯವರು ಎಡದಿಂದ ಬಲಕ್ಕೆ ಸಾಗುತ್ತಾರೆ, ಇಲ್ಲದಿದ್ದರೆ ಅಂಗೈಯೇ ಇದ್ದಿಲನ್ನು ಒರೆಸಿಬಿಡುತ್ತದೆ. 2ಬಿಯಿಂದ ಶುರುವಾದದ್ದು 6ಬಿಗೆ ಬಂದು ಗಾಢವಾಗುತ್ತದೆ. ಕಟ್ಟಕಡೆಗೆ ಮೆತ್ತನೆಯ ರಬ್ಬರನ್ನು ಚೂಪಾಗಿ ಹಿಸುಕಿ ಪಾಪೆಯ ಮೇಲೆ ಒಂದೇ ಚುಕ್ಕೆ ಬಿಳುಪು ಎತ್ತುತ್ತಾರೆ. ಅಲ್ಲಿಯವರೆಗೆ ಶೂನ್ಯ ನೋಡುತ್ತಿದ್ದ ಹಾಳೆಯ ಮುಖ ಆಗ ನಿಮ್ಮತ್ತ ತಿರುಗುತ್ತದೆ.

ಇಷ್ಟೂ ನಡೆಯುವುದು ಪರೀಕ್ಷಕರ ಸಮ್ಮುಖದಲ್ಲಿ. ಬೆನ್ನ ಹಿಂದೆ ಕನಿಷ್ಠ ಇಪ್ಪತ್ತು ಜನ ನಿಂತಿರುತ್ತಾರೆ, ಯಾರಿಗೂ ಸಂಕೋಚವಿಲ್ಲ. "ಕಣ್ಣು ಬಂತು, ಬಾಯಿ ಬಂದಿಲ್ಲ." "ಥೇಟ್ ಅವರಣ್ಣನ ಥರ ಇದೆ." ಎದುರಿಗೆ ಕೂತವರು ಪಾಪ, ಚಿತ್ರ ಕಾಣದೆ, ಈ ಜನರ ಮುಖ ನೋಡಿಯೇ ತಮ್ಮ ಮುಖ ಹೇಗೆ ಬರುತ್ತಿದೆ ಎಂದು ಊಹಿಸಬೇಕು. ಅಂಥ ಗಲಾಟೆಯಲ್ಲೂ ಕೈ ನಡುಗದೆ ಗೆರೆ ಎಳೆಯುವುದನ್ನು ಯಾವ ಶಾಲೆಯೂ ಕಲಿಸಲಾರದು.

ದುಡ್ಡಿನ ಲೆಕ್ಕದಲ್ಲೂ ಚಳಿಗಾಲಕ್ಕೆ ವಿಚಿತ್ರ ಹೊಂದಿಕೆಯಿದೆ. ಈಗೀಗ ಮದುವೆ ಆರತಕ್ಷತೆಗಳಲ್ಲಿ ಅತಿಥಿಗಳನ್ನು ಕೂರಿಸಿ ಸ್ಕೆಚ್ ಮಾಡಿಸುವ ರೂಢಿ ಬಂದಿದೆ. ಹಲವರಿಗೆ ಅದೊಂದು ಒಳ್ಳೆಯ ಆದಾಯ. ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ ಹಿಡಿಯಿತೆಂದರೆ ಛತ್ರಗಳಿಗೆ ಬೀಗ. ಸಂಕ್ರಾಂತಿಯವರೆಗಿನ ಆ ಒಣ ತಿಂಗಳ ನಡುವೆಯೇ ಚಿತ್ರಸಂತೆ ಬೀಳುತ್ತದೆ. ಅದಕ್ಕೂ ಮುಂಚೆ ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆಗೆ ಕವಿಗಳ ಚಿತ್ರಗಳು ಬೇಕಾಗುತ್ತಿದ್ದವು. ಆ ಕೆಲಸವನ್ನು ಫ್ಲೆಕ್ಸ್ ಪೂರ್ತಿಯಾಗಿ ನುಂಗಿದೆ. ಕುವೆಂಪು, ಬೇಂದ್ರೆಯವರ ಮುಖಗಳನ್ನು ನೋಡದೆಯೇ ಬರೆಯಬಲ್ಲ ಕೈಗಳು ಜಿಲ್ಲೆಗೆ ನಾಲ್ಕಾದರೂ ಇದ್ದ ಕಾಲ ತೀರ ಹಳೆಯದೇನಲ್ಲ.

ವರ್ಷವಿಡೀ ಹೊಟ್ಟೆ ಹೊರೆಯುವುದು ಮಾತ್ರ ಫೋಟೊದಿಂದ ಬರೆಯುವ ಆರ್ಡರುಗಳು. ಹೆಚ್ಚಿನವು ತೀರಿಕೊಂಡವರವು. ಎಷ್ಟೋ ಅಜ್ಜಿಯರಿಗೆ ಇರುವುದೇ ಒಂದು ಫೋಟೊ, ಅದೂ ಮತದಾರರ ಚೀಟಿಯದ್ದೋ ಆಧಾರ್ ಕಾರ್ಡಿನದ್ದೋ. ಉಗುರಿನಷ್ಟಗಲದ, ಮಸುಕು ಮಸುಕಾದ, ಗಾಬರಿಗೊಂಡ ಆ ಮುಖದ ಮೇಲೆ ಚೌಕಗಳನ್ನು ಎಳೆದು ದೊಡ್ಡದು ಮಾಡುತ್ತಾ, ಕಾಣದ ಕಿವಿಯನ್ನು ಮಗಳ ಕಿವಿ ನೋಡಿ ಬರೆಯುತ್ತಾ, ಗಾಬರಿಯನ್ನು ತೆಗೆದು ಸಮಾಧಾನ ತುಂಬಬೇಕು. ಇದು ಸಣ್ಣ ಕೆಲಸವಲ್ಲ. ಕಿರಿಕಿರಿಯಾಗುವುದು ಕೊನೆಗೆ ಬರುವ ಕೋರಿಕೆಯಿಂದ: "ಸ್ವಲ್ಪ ಬೆಳ್ಳಗೆ ಮಾಡಿಕೊಡಿ." ಹೊಲದಲ್ಲಿ ದುಡಿದು ಮಾಗಿದ ಬಣ್ಣದ ತಾಯಿಯನ್ನು ಗೋಡೆಯ ಮೇಲೆ ಗೋಧಿ ಬಣ್ಣಕ್ಕೆ ತಿರುಗಿಸಿ ತೂಗುಹಾಕುವ ಈ ಚಾಳಿ ನನಗೆ ಯಾವತ್ತೂ ಅರ್ಥವಾಗಿಲ್ಲ. ನಮ್ಮ ಮೈಬಣ್ಣಕ್ಕೆ ಬಿಳಿ ಹಾಳೆಗಿಂತ ಕಂದು ಹಾಳೆಯೇ ಚೆನ್ನ ಎಂದು ತಿಳಿದ ಕಲಾವಿದರು ಹಾಳೆಯ ಬಣ್ಣವನ್ನೇ ಚರ್ಮದ ಬಣ್ಣವಾಗಿ ಉಳಿಸಿಕೊಂಡು, ಇದ್ದಿಲು ಮತ್ತು ಬಿಳಿ ಪೆನ್ಸಿಲು ಎರಡರಲ್ಲೇ ಮುಖ ಎಬ್ಬಿಸುತ್ತಾರೆ. ಅದರ ಚೆಲುವು ಬೇರೆ.

ಫೋಟೊ ನೋಡಿ ನೋಡಿ ಕೈ ಜಡವಾಗುತ್ತದೆ ಎಂಬುದು ಈ ಕಸುಬಿನವರ ಸಾಮಾನ್ಯ ದೂರು. ಫೋಟೊ ಕೆಮ್ಮುವುದಿಲ್ಲ, ಬೇಸರವಾಗಿ ಕತ್ತು ತಿರುಗಿಸುವುದಿಲ್ಲ. ಜೀವಂತ ಮುಖ ಹತ್ತು ನಿಮಿಷದಲ್ಲಿ ಹತ್ತು ಸಲ ಬದಲಾಗುತ್ತದೆ. ಅದರಲ್ಲಿ ಯಾವುದನ್ನು ಹಿಡಿಯಬೇಕೆಂದು ಆರಿಸುವ ಹೊಣೆ ಕಲಾವಿದನದು. ಸಂತೆಯ ರಸ್ತೆಯಲ್ಲಿ ಕೂರುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಇದೇ ಎಂದು ನನ್ನ ಎಣಿಕೆ.

ಹೀಗೆ ಕೂರುವವರ ಹಿಂದೆ ನಾಡಿನ ಹಲವು ಶಾಲೆಗಳಿವೆ. ಎಂ.ಎಸ್. ನಂಜುಂಡರಾಯರು 1960ರಲ್ಲಿ ಕಟ್ಟಿ ನಿಲ್ಲಿಸಿದ ಚಿತ್ರಕಲಾ ಪರಿಷತ್ತಿನ ಕಾಲೇಜು ಇದೆ, ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ ಇದೆ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ಶಾಲೆಗಳಿಂದ ಬಂದ ಪರಂಪರೆ ಇದೆ. ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಬರೆದ ದೇವತೆಗಳ ಚಿತ್ರಗಳಿಂದ ಹೆಸರಾದವರು. ಆ ದೇವರುಗಳ ಮೈಕಟ್ಟು, ಮುಖಚಹರೆ ನಂಬುವಂತಿರುವುದರ ಹಿಂದೆ ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಕಲಿತ ಕಣ್ಣಿದೆ.

ಎಣ್ಣೆಬಣ್ಣದವರಿಗೆ ಚಳಿಗಾಲ ಅಷ್ಟು ಉದಾರಿಯಲ್ಲ. ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ತಣ್ಣಗಿದ್ದಷ್ಟೂ ಅದು ನಿಧಾನ. ಮ್ಯಾಂಗನೀಸ್ ಅಂಶವಿರುವ ಅಂಬರ್ ಕಂದು ಬೇಗ ಹಿಡಿಯುತ್ತದೆ, ಟೈಟೇನಿಯಂ ಬಿಳಿ ದಿನಗಟ್ಟಲೆ ಅಂಟಂಟು. ಹಾಗಾಗಿ ಮೊದಲ ಪದರವನ್ನು ಟರ್ಪೆಂಟೈನ್ ಬೆರೆಸಿದ ತೆಳು ಅಂಬರಿನಲ್ಲಿ ಮುಗಿಸಿ, ಎಣ್ಣೆ ಹೆಚ್ಚಿರುವ ಬಣ್ಣವನ್ನು ಮೇಲಿನ ಪದರಗಳಿಗೆ ಉಳಿಸಿಕೊಳ್ಳುತ್ತಾರೆ. ತಿರುವುಮುರುವಾದರೆ ಕೆಲವೇ ವರ್ಷಗಳಲ್ಲಿ ಮುಖ ಬಿರುಕು ಬಿಡುತ್ತದೆ.

ಈ ನಿಧಾನ ಗಿರಾಕಿಗಳಿಗೆ ಒಗ್ಗುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಶಾಲೆಗಳ ವಾರ್ಷಿಕೋತ್ಸವ. ಜಾಗ ದಾನ ಕೊಟ್ಟವರ, ನಿವೃತ್ತರಾಗುವ ಹೆಡ್‌ಮಾಸ್ತರರ ಚಿತ್ರ ಅನಾವರಣವಾಗಬೇಕು, ಮಂತ್ರಿಗಳ ದಿನಾಂಕ ಸಿಕ್ಕಿಬಿಟ್ಟಿದೆ ಎಂದು ಮೂರು ವಾರ ಮೊದಲು ಓಡಿ ಬರುತ್ತಾರೆ. ಕಲಾವಿದರು ಹಸಿ ಕ್ಯಾನ್ವಾಸನ್ನೇ ಫ್ರೇಮಿಗೆ ಹಾಕಿ, ಹೂವಿನ ಹಾರ ಬಣ್ಣಕ್ಕೆ ತಾಗದಂತೆ ಎರಡು ಮೊಳೆ ಮುಂದಕ್ಕೆ ಹೊಡೆದು ಕಳಿಸುತ್ತಾರೆ. ವಾರ್ನಿಷ್ ಬಳಿಯಲು ಬಣ್ಣ ಒಳಗಿನವರೆಗೆ ಆರಬೇಕು, ಆರು ತಿಂಗಳಾದರೂ ಹಿಡಿಯುತ್ತದೆ. ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿ, ಬಂದು ಬಳಿದುಕೊಡುತ್ತೇನೆ ಎಂದು ಹೇಳಿಯೇ ಕಳಿಸುತ್ತಾರೆ. ಫೋನ್ ಮಾಡುವ ಶಾಲೆಗಳು ಕಡಿಮೆ.