ಅಜ್ಜಿಯ ಹೊತ್ತು, ರೈಲಿನ ಗಂಟೆ

“ಹೊತ್ತು ನೆತ್ತಿಗೆ ಬಂತು, ಉಣ್ಣಾಕ ಬಾ” ಎಂದು ಅಜ್ಜಿ ಕರೆಯುತ್ತಾಳೆ. ಗಡಿಯಾರ ನೋಡಲು ಈಗತಾನೆ ಕಲಿತ ಮೊಮ್ಮಗ, “ಹನ್ನೆರಡು ದಾಟಿ ಇಪ್ಪತ್ತು ನಿಮಿಷ ಆಗ್ಯಾದ, ನಿನಗ ಟೈಮೇ ಗೊತ್ತಿಲ್ಲ” ಎಂದು ನಗುತ್ತಾನೆ. ಮಟಮಾರಿಯಂತಹ ಊರುಗಳ ಮನೆಗಳಲ್ಲಿ ಇಂತಹ ಮಾತು ಕೇಳಿದಾಗ ಹಿರಿಯರಾದ ನಾವೂ ನಕ್ಕು ಸುಮ್ಮನಾಗುತ್ತೇವೆ. ತಪ್ಪುವುದು ಅಲ್ಲಿಯೇ. ಅಜ್ಜಿಯ ಲೆಕ್ಕ ಸರಿಯಾಗಿತ್ತೆಂಬುದನ್ನು ಮಗುವಿಗೆ ಯಾರೂ ತಿಳಿಸಲಿಲ್ಲ.

ಅಂಗಳದಲ್ಲಿ ಮೊಳದುದ್ದದ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಹುಣಸೆಬೀಜ ಇಡಲು ಮಕ್ಕಳಿಗೆ ಹೇಳಬೇಕು. ನೆರಳು ಅತಿ ಗಿಡ್ಡವಾದಾಗಲೇ ನಡುಹಗಲು. ನಮ್ಮ ಭಾಗದಲ್ಲಿ ಅದು ವರ್ಷದ ಸರಾಸರಿಯಲ್ಲಿ ೧೨ ಗಂಟೆ ೨೦ ನಿಮಿಷದ ಸುಮಾರಿಗೆ ಬರುತ್ತದೆ. ನವೆಂಬರ್ ಆರಂಭದಲ್ಲಿ ಅದಕ್ಕಿಂತ ಕಾಲು ಗಂಟೆಯಷ್ಟು ಮುಂಚೆ, ಫೆಬ್ರವರಿಯ ನಡುವಿನಲ್ಲಿ ಅಷ್ಟೇ ತಡ.

ಹಾಗಾದರೆ ಗಡಿಯಾರ ಸುಳ್ಳೇ? ಅಲ್ಲ. ಅದು ಹೇಳುವುದು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾಯುವ ೮೨½ ಡಿಗ್ರಿ ರೇಖಾಂಶದ ಹೊತ್ತನ್ನು. ನಾವಿರುವುದು ಅಲ್ಲಿಂದ ಐದು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದ ಅಂತರ.

ಇಂತಹ ಒಪ್ಪಂದ ಏಕೆ ಬೇಕಾಯಿತೆಂಬುದಕ್ಕೆ ನಮ್ಮ ಜಿಲ್ಲೆಯ ಹಳಿಗಳೇ ಸಾಕ್ಷಿ. ಬೊಂಬಾಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ೧೮೭೧ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಮಟಮಾರಿ ನಿಲ್ದಾಣವೂ ಅದೇ ಮಾರ್ಗದ್ದು. ಆ ಎರಡು ನಗರಗಳ ನಡುಹಗಲಿಗೆ ಸುಮಾರು ಅರ್ಧ ಗಂಟೆಯ ವ್ಯತ್ಯಾಸ. ಊರಿಗೊಂದು ಹೊತ್ತಾದರೆ ರೈಲು ಓಡುವುದೆಂತು? ರೈಲ್ವೆಗಳು ಮದರಾಸಿನ ವೇಳೆಯನ್ನು ಹಿಡಿದವು. ೧೯೦೬ರ ಜನವರಿ ೧ರಿಂದ ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂದಿತು.

ಅದಕ್ಕೂ ಮುಂಚೆ ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಈಗಿನ ೨೪ ನಿಮಿಷ. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆಯೆಂದು ಎಣಿಸುತ್ತಿದ್ದರು. ಹಳೆಯ ತಗಡಿನ ಡಬ್ಬಿಯಿಂದ ಮಕ್ಕಳೇ ಇದನ್ನು ಮಾಡಿ ನೋಡಬಹುದು. ಗಳಿಗೆ ಸರಿಹೋಗಲು ತೂತನ್ನು ಹತ್ತು ಸಲ ತಿದ್ದಬೇಕಾದೀತು. ವಾರದ ಲೆಕ್ಕವನ್ನಂತೂ ಎತ್ತುಗಳೇ ಕಲಿಸುತ್ತವೆ: ಸೋಮವಾರ ಬಸವಣ್ಣನಿಗೆ ನೊಗವಿಲ್ಲ.

“ಬಸವ ಜಯಂತಿ ವರ್ಷವೂ ಒಂದೇ ತಾರೀಖಿಗೆ ಏಕಿಲ್ಲ?” ಎಂದೂ ಮಕ್ಕಳು ಕೇಳುತ್ತಾರೆ. ಅದು ವೈಶಾಖ ಶುದ್ಧ ತದಿಗೆ, ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು ೩೫೪ ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಆ ಕೊರತೆ ಕೂಡುತ್ತಾ ಹೋಗಿ ಸುಮಾರು ಮೂವತ್ತೆರಡು ಮೂವತ್ಮೂರು ತಿಂಗಳಿಗೊಮ್ಮೆ ಅಧಿಕಮಾಸವಾಗುತ್ತದೆ.

ಕೋಲನ್ನು ಮಾತ್ರ ಕೀಳಬೇಡಿ. ಮೇ ಮೊದಲ ವಾರದಲ್ಲಿ ಒಂದು ದಿನ ಸೂರ್ಯ ಮಟಮಾರಿಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ೧೨ ಗಂಟೆ ೧೭ ನಿಮಿಷದ ಸುಮಾರಿಗೆ ಕೋಲಿಗೆ ನೆರಳೇ ಇರದು. ಅಂದು ಅಜ್ಜಿಯನ್ನೂ ಅಂಗಳಕ್ಕೆ ಕರೆಯಿರಿ.