ಜಪಾನಿ ನಿಘಂಟು ತಂತ್ರಾಂಶ: ಅಳವಡಿಸುವ ಕ್ರಮ, ತೆಗೆಯುವ ಮುನ್ನ ವಹಿಸಬೇಕಾದ ಎಚ್ಚರ

ಗಣಕದಲ್ಲಿ ಕನ್ನಡ ಬರೆಯುವಾಗ ಕೀಲಿಗೂ ಅಕ್ಷರಕ್ಕೂ ನೇರ ಸಂಬಂಧವಿರುತ್ತದೆ. ಕೆ. ಪಿ. ರಾವ್ ವಿನ್ಯಾಸವಿರಲಿ, ಇನ್‌ಸ್ಕ್ರಿಪ್ಟ್ ಇರಲಿ, ನಿಗದಿತ ಕೀಲಿಗಳನ್ನು ಒತ್ತಿದರೆ ನಿಗದಿತ ಅಕ್ಷರವೇ ಮೂಡುತ್ತದೆ. ಜಪಾನಿ ಭಾಷೆಯ ಸ್ಥಿತಿ ಬೇರೆ. ಅಲ್ಲಿ ಹಿರಗಾನ, ಕತಕಾನ ಎಂಬ ಎರಡು ಉಚ್ಚಾರಾನುಸಾರಿ ಲಿಪಿಗಳ ಜೊತೆಗೆ ಚೀನಾ ಮೂಲದ ಕಾಂಜಿ ಅಕ್ಷರಗಳೂ ಬಳಕೆಯಲ್ಲಿವೆ. ಜಪಾನ್ ಸರ್ಕಾರವು ನಿತ್ಯಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2,136 ಕಾಂಜಿಗಳಿವೆ. ಇಷ್ಟು ಅಕ್ಷರಗಳಿಗೆ ಕೀಲಿಮಣೆಯಲ್ಲಿ ಸ್ಥಳವೆಲ್ಲಿ?

ಆದುದರಿಂದ ಅಲ್ಲಿ ನಿಘಂಟು ಅನಿವಾರ್ಯವಾಯಿತು. ಬಳಕೆದಾರರು ಉಚ್ಚಾರವನ್ನು ರೋಮನ್ ಅಕ್ಷರಗಳಲ್ಲಿ ಒತ್ತುತ್ತಾರೆ; ಅದು ಹಿರಗಾನವಾಗಿ ಮೂಡುತ್ತದೆ; ಸ್ಪೇಸ್ ಕೀಲಿ ಒತ್ತಿದಾಗ ತಂತ್ರಾಂಶವು ನಿಘಂಟಿನಲ್ಲಿ ಹುಡುಕಿ ಕಾಂಜಿ ರೂಪಗಳನ್ನು ಸೂಚಿಸುತ್ತದೆ. 1978ರಲ್ಲಿ ತೋಶಿಬಾ ಪ್ರಕಟಿಸಿದ ಜೆಡಬ್ಲ್ಯೂ-10 ಯಂತ್ರವು ಈ ವಿಧಾನವನ್ನು ಬಳಕೆಗೆ ತಂದಿತು. 'ಹಶಿ' ಎಂದು ಬರೆದರೆ ಸೇತುವೆ, ಊಟದ ಕಡ್ಡಿ, ಅಂಚು ಎಂಬ ಮೂರು ಅರ್ಥಗಳಿಗೂ ಬೇರೆ ಬೇರೆ ಕಾಂಜಿಗಳು ಎದುರಾಗುತ್ತವೆ; ಸರಿಯಾದುದನ್ನು ನಾವೇ ಆರಿಸಬೇಕು.

ಹೆಸರುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. 'ವತನಬೆ' ಎಂಬ ಕುಟುಂಬನಾಮವನ್ನು ಬರೆಯಲು ಹಲವು ರೂಪಗಳಿವೆ; ಒಬ್ಬರ ರೂಪ ಮತ್ತೊಬ್ಬರದಲ್ಲ. ಬೇರೊಂದು ಲಿಪಿಯ ದಾಖಲೆಗಳಲ್ಲಿ ತಮ್ಮ ಊರು, ಮನೆತನಗಳ ಹೆಸರು ರೂಪಗೆಡುವುದನ್ನು ಕಂಡ ಗಡಿನಾಡಿನವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಇಂತಹ ಹೆಸರುಗಳನ್ನೂ ವೃತ್ತಿಯ ಪದಗಳನ್ನೂ ಸೇರಿಸಿಕೊಳ್ಳಲು ಪ್ರತಿ ತಂತ್ರಾಂಶದಲ್ಲಿಯೂ 'ಬಳಕೆದಾರರ ನಿಘಂಟು' ಇರುತ್ತದೆ.

ಅಳವಡಿಸುವುದು ಕಷ್ಟವಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್ ಎಂಬ ಕ್ರಮದಲ್ಲಿ ಸಾಗಿ, 'ಆಡ್ ಎ ಲ್ಯಾಂಗ್ವೇಜ್' ಒತ್ತಿ ಜಪಾನಿಯನ್ನು ಆರಿಸಬೇಕು. ಕನ್ನಡದ ಜೊತೆಗೆ ಮಲಯಾಳವನ್ನೋ ಮರಾಠಿಯನ್ನೋ ಸೇರಿಸಿಕೊಳ್ಳುವುದೂ ಇದೇ ಪುಟದಲ್ಲಿ. ಗಣಕದ ಪ್ರದರ್ಶನ ಭಾಷೆಯನ್ನಾಗಿ ಮಾಡುವ ಆಯ್ಕೆಗೆ ಮಾತ್ರ ಗುರುತು ಹಾಕಬಾರದು. ಹಾಕಿದರೆ ಪಟ್ಟಿಗಳೆಲ್ಲವೂ ಜಪಾನಿಯಾಗಿಬಿಡುತ್ತವೆ. ಬಳಿಕ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. ಲಿನಕ್ಸ್ ಬಳಸುವವರು ಗೂಗಲ್ 2010ರಲ್ಲಿ ಮುಕ್ತವಾಗಿ ನೀಡಿದ ಮೋಜ್ಕ್ ತಂತ್ರಾಂಶವನ್ನು ಸ್ಥಾಪಿಸಿಕೊಳ್ಳಬಹುದು. ತೊಕುಶಿಮದ ಜಸ್ಟ್‌ಸಿಸ್ಟಮ್ಸ್ ಸಂಸ್ಥೆಯ ಎಟಾಕ್ ಹಣ ಕೊಟ್ಟು ಪಡೆಯಬೇಕಾದದ್ದು.

ತೆಗೆಯುವಾಗ ಎರಡು ವಿರುದ್ಧ ಅಪಾಯಗಳಿವೆ. ಮೊದಲನೆಯದು, ವರ್ಷಗಳಿಂದ ಕೂಡಿಸಿದ ಪದಗಳ ನಷ್ಟ. ಇದನ್ನು ತಪ್ಪಿಸಲು ತಂತ್ರಾಂಶದ ನಿಘಂಟು ಸಾಧನವನ್ನು ತೆರೆದು, ಬಳಕೆದಾರರ ನಿಘಂಟನ್ನು ಪಠ್ಯ ಕಡತವಾಗಿ ರಫ್ತು ಮಾಡಿ ಬೇರೆಡೆ ಉಳಿಸಬೇಕು. ಒಂದೊಂದು ಸಾಲಿನಲ್ಲಿ ಉಚ್ಚಾರ, ಪದ, ವ್ಯಾಕರಣವರ್ಗ ಇರುವ ಈ ಕಡತವನ್ನು ಮುಂದೆ ಇನ್ನೊಂದು ತಂತ್ರಾಂಶಕ್ಕೂ ಸೇರಿಸಬಹುದು. ಮೈಕ್ರೋಸಾಫ್ಟ್, ಎಟಾಕ್ ಎರಡರ ಪಟ್ಟಿಗಳನ್ನೂ ಮೋಜ್ಕ್ ಸ್ವೀಕರಿಸುತ್ತದೆ.

ಎರಡನೆಯದು, ಅಳಿಯಬೇಕಾದದ್ದು ಉಳಿಯುವುದು. ನಾವು ಪದೇಪದೇ ಆರಿಸಿದ ಪದಗಳನ್ನು ತಂತ್ರಾಂಶ ನೆನಪಿಡುತ್ತದೆ. ಗ್ರಂಥಾಲಯ, ಸೈಬರ್ ಕೇಂದ್ರಗಳಂತಹ ಹಂಚಿಕೆಯ ಗಣಕದಲ್ಲಿ ಒಬ್ಬರು ಬರೆದ ಹೆಸರು, ವಿಳಾಸ ಮತ್ತೊಬ್ಬರಿಗೆ ಸಲಹೆಯಾಗಿ ಕಾಣಿಸಬಹುದು. ಲಿನಕ್ಸಿನಲ್ಲಿ ಮೋಜ್ಕ್ ಪ್ಯಾಕೇಜನ್ನು ತೆಗೆದರೂ ಬಳಕೆದಾರರ ಮನೆಕೋಶದಲ್ಲಿರುವ ನಿಘಂಟಿನ ಕಡತಗಳು ಹಾಗೆಯೇ ಉಳಿಯುತ್ತವೆ. ವಿಂಡೋಸ್‌ನಲ್ಲಿಯೂ ಭಾಷೆಯನ್ನು ತೆಗೆಯುವ ಮುನ್ನ ಇನ್‌ಪುಟ್ ಸೆಟ್ಟಿಂಗ್ಸಿನ 'ಲರ್ನಿಂಗ್ ಅಂಡ್ ಡಿಕ್ಷನರಿ' ವಿಭಾಗದಲ್ಲಿ ಬರಹದ ಇತಿಹಾಸವನ್ನು ಅಳಿಸುವುದು ಕ್ಷೇಮ.

ಅನಂತರ ಕೆಲಸ ಸರಳ. ಭಾಷೆಗಳ ಪಟ್ಟಿಯಲ್ಲಿ ಜಪಾನಿಯ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ 'ರಿಮೂವ್' ಆರಿಸಬೇಕು. ಪ್ರತ್ಯೇಕವಾಗಿ ಸ್ಥಾಪಿಸಿದ ತಂತ್ರಾಂಶವಾದರೆ 'ಇನ್‌ಸ್ಟಾಲ್ಡ್ ಆ್ಯಪ್ಸ್' ಪಟ್ಟಿಯಿಂದ ತೆಗೆದು, ಗಣಕವನ್ನು ಮರುಚಾಲನೆ ಮಾಡಬೇಕು.

ಜಪಾನಿ ಕಲಿಯುತ್ತಿರುವ, ಜಪಾನಿನ ಸಂಸ್ಥೆಗಳೊಡನೆ ವ್ಯವಹರಿಸುವ ನಮ್ಮ ಓದುಗರು ಈ ಕ್ರಮವನ್ನು ನೆನಪಿನಲ್ಲಿಡಬೇಕು: ಮೊದಲು ರಫ್ತು, ಬಳಿಕ ಇತಿಹಾಸದ ಅಳಿಸುವಿಕೆ, ಕೊನೆಗೆ ತೆಗೆಯುವಿಕೆ. ತಂತ್ರಾಂಶವನ್ನು ಮತ್ತೆ ಯಾವಾಗ ಬೇಕಾದರೂ ಪಡೆಯಬಹುದು. ನಾವೇ ಕೂಡಿಸಿದ ಹೆಸರುಗಳ ಪಟ್ಟಿ ಬೇರೆಲ್ಲಿಯೂ ದೊರೆಯುವುದಿಲ್ಲ.