ಹಾರೋದೇನೋ ಸರಿ, ಇಳಿಯೋದೆಲ್ಲಿ?

ಶನಿವಾರ ಬೆಳಗಿನ ಜಾವ ಬೆಂಗಳೂರಿನ ರಾತ್ರಿ ಬಸ್ಸು ಕಳಸಕ್ಕೆ ಬಂದು ನಿಂತಾಗ ಇಳಿಯುವವರಲ್ಲಿ ಒಂದಿಷ್ಟು ಜನ ಹೊರನಾಡಿನ ಅಮ್ಮನವರ ಭಕ್ತರು. ಇನ್ನೊಂದಿಷ್ಟು ಜನ ಬೆನ್ನಿಗೆ ಚೀಲ, ಕಾಲಿಗೆ ಬೂಟು ಕಟ್ಟಿದ ಹುಡುಗರು. ಇವರು ಸಂಸೆ ಕಡೆಗೆ ಹೊರಡುತ್ತಾರೆ. ಒಂದು ಗುಂಪು ಜೀಪು ಹತ್ತಿ ಮುಳ್ಳೋಡಿಗೆ ಹೋಗಿ ಅಲ್ಲಿಂದ ಕುದುರೆಮುಖದ ತುದಿಗೆ ನಡೆದರೆ, ಇನ್ನೊಂದು ಗುಂಪಿಗೆ ನೇತ್ರಾವತಿ ಪೀಕು. ಸಂಜೆ ಹೊತ್ತಿಗೆ ಕಾಲು ಎಳೆದುಕೊಂಡು ಬಂದು, ಟೀ ಕುಡಿದು, ಮತ್ತೆ ಬಸ್ಸು. ಇದು ನಮಗೆ ಹಳೆಯದಾಯಿತು.

ಈಗ ಪ್ರಪಂಚದಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಹುಚ್ಚು ಬಂದಿದೆ. ಗುಡ್ಡ ಹತ್ತುವುದು ಕಾಲಿನಲ್ಲಿ, ಇಳಿಯುವುದು ರೆಕ್ಕೆಯಲ್ಲಿ! ಹೈಕ್ ಅಂಡ್ ಫ್ಲೈ ಅಂತ ಅದರ ಹೆಸರು. ರೆಕ್ಕೆಯನ್ನು ಮಡಿಸಿ ಚೀಲಕ್ಕೆ ತುಂಬಿ ಹೊತ್ತುಕೊಂಡು ಹೋಗುವುದು, ತುದಿಯಲ್ಲಿ ಬಿಚ್ಚಿ ಹಾಸುವುದು, ನಾಲ್ಕು ಹೆಜ್ಜೆ ಓಡಿ ಗಾಳಿಗೆ ಬೀಳುವುದು. ಮೊಬೈಲಿನಲ್ಲಿ ಯುರೋಪಿನ ಹಿಮದ ಗುಡ್ಡಗಳ ವಿಡಿಯೋ ನೋಡಿದವನಿಗೆ ನಮ್ಮ ಹಸಿರು ಬೋಳುಗುಡ್ಡಗಳು ಕಂಡ ಕೂಡಲೇ “ಇಲ್ಲಿ ಯಾಕೆ ಆಗಬಾರದು?” ಅನ್ನಿಸುವುದು ಸಹಜ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಗುಡ್ಡದ ಮೇಲೆ ನಿಂತು ಹುಡುಕಬಾರದು, ಕೆಳಗೆ ಗದ್ದೆಯಲ್ಲಿ ನಿಂತು ಹುಡುಕಬೇಕು ಎನ್ನುವುದೇ ಈ ವಾರದ ಮಾತು.

ಏನಿದು ರೆಕ್ಕೆ?

ಮೊದಲಿಗೆ ವಿಷಯ ತಿಳಿಯೋಣ. ಪ್ಯಾರಾಗ್ಲೈಡರ್ ಅಂದರೆ ಕೋಲಿಲ್ಲದ, ಎಂಜಿನ್ ಇಲ್ಲದ ಬಟ್ಟೆಯ ರೆಕ್ಕೆ. ದಿಂಬಿನ ಗವಸುಗಳನ್ನು ಸಾಲಾಗಿ ಹೊಲಿದ ಹಾಗೆ ಅದರೊಳಗೆ ಅರೆಗಳಿರುತ್ತವೆ. ಗಾಳಿ ತುಂಬಿಕೊಂಡಾಗ ಅದೇ ರೆಕ್ಕೆಯ ಆಕಾರ. ಕೆಳಗೆ ಸಣ್ಣ ಹಗ್ಗಗಳು, ಅದಕ್ಕೆ ಸಿಕ್ಕಿಸಿದ ಕುರ್ಚಿಯಂಥ ಪಟ್ಟಿ, ಅದರಲ್ಲಿ ಮನುಷ್ಯ. 1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಹಳ್ಳಿಯಲ್ಲಿ ಮೂವರು ಪ್ಯಾರಾಶೂಟಿನವರು ವಿಮಾನದ ಖರ್ಚು ಉಳಿಸಬೇಕೆಂದು ಗುಡ್ಡದ ಇಳಿಜಾರಿನಲ್ಲಿ ಓಡಿ ಹಾರಿದರು. ಆಟ ಶುರುವಾದದ್ದೇ ಹೀಗೆ. ಹತ್ತು ವರ್ಷ ಕಳೆಯುವುದರೊಳಗೆ, 1988ರಲ್ಲಿ, ಫ್ರಾನ್ಸಿನವರೇ ಆದ ಜೀನ್ ಮಾರ್ಕ್ ಬೊವಾವಾಂ ಎವರೆಸ್ಟಿನ ತುದಿಯಿಂದ ಹಾರಿ ಕೆಳಗಿಳಿದರು. 2003ರಿಂದ ಯುರೋಪಿನಲ್ಲಿ ಎಕ್ಸ್-ಆಲ್ಪ್ಸ್ ಎಂಬ ಸ್ಪರ್ಧೆ ನಡೆಯುತ್ತಿದೆ. ಆಲ್ಪ್ಸ್ ಪರ್ವತವನ್ನು ನಡೆದು ಇಲ್ಲವೇ ಹಾರಿ ದಾಟಬೇಕು, ಮಧ್ಯೆ ಗಾಡಿ ಹತ್ತುವಂತಿಲ್ಲ. ಅಲ್ಲಿಯೂ ಒಂದು ಸಂಗತಿ ಗಮನಿಸಿ. ಜಗತ್ತಿನ ಅತ್ಯಂತ ಪಳಗಿದ ಆ ಹಾರಾಟಗಾರರಿಗೂ ಕೆಳಗೆ ರಸ್ತೆಯಲ್ಲಿ ಒಬ್ಬ ಸಹಾಯಕ ಇರಲೇಬೇಕು. ಮೇಲೆ ಹಾರುವವನಿಗೆ ಕೆಳಗೊಬ್ಬ ಕಾಯುವವನು!

ಮಾಮೂಲಿ ಸೆಟ್ಟು ಹದಿನೈದು ಕಿಲೋ ಆಸುಪಾಸು ತೂಗುತ್ತದೆ. ನಡೆದು ಹೋಗುವವರಿಗಾಗಿಯೇ ಮಾಡಿದ ಹಗುರ ಸೆಟ್ಟು ಆರೇಳು ಕಿಲೋ. ಅಂದರೆ ನಮ್ಮ ಹುಡುಗರು ಟೆಂಟು, ಬಿಸ್ಕತ್ತು, ನೀರು ಅಂತ ಹೊರುವ ಚೀಲಕ್ಕಿಂತ ಹೆಚ್ಚೇನಲ್ಲ. ಹೊರುವುದು ಕಷ್ಟವಲ್ಲ. ಕಷ್ಟ ಇರುವುದು ಬೇರೆ ಕಡೆ.

ಟಿಕೆಟ್ಟು ಕಾಲಿಗೆ ಮಾತ್ರ

ಕುದುರೆಮುಖದ ತುದಿ ಸುಮಾರು ಆರು ಸಾವಿರದ ಇನ್ನೂರು ಅಡಿ. ಆ ತುದಿ ಇರುವುದು 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನದೊಳಗೆ. ಸಿಂಗಳೀಕ ಇರುವ ಶೋಲಾ ಕಾಡು, ಹುಲ್ಲುಗಾವಲು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿ ಸುದ್ದಿಯಾದ ಮೇಲೆ ಸರ್ಕಾರ ಎಚ್ಚೆತ್ತು, ಅದೇ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೆಟ್ಟು ಜಾರಿಗೆ ತಂದಿತು. ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಕಾಡಿನ ಬೆಂಕಿ ಭಯದ ಬೇಸಿಗೆಯಲ್ಲಿ ದಾರಿ ಬಂದ್. ತುದಿಯಲ್ಲಿ ರಾತ್ರಿ ಉಳಿಯುವಂತಿಲ್ಲ.

ಆ ಟಿಕೆಟ್ಟು ಗೊತ್ತು ಮಾಡಿದ ದಾರಿಯಲ್ಲಿ ನಡೆದು ಹೋಗಿ ನಡೆದು ಬರುವುದಕ್ಕೆ. ಬೆಳಗ್ಗೆ ಹತ್ತಿದವನು ಸಂಜೆ ಗೇಟಿನಲ್ಲಿ ಲೆಕ್ಕಕ್ಕೆ ಸಿಗಬೇಕು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಉದ್ಯಾನದೊಳಗೆ ಕಾಲಿಡುವಂತಿಲ್ಲ. ಮೇಲಿನಿಂದ ಬಿದ್ದರೂ ಕಾಲಿಟ್ಟಂತೆಯೇ ಲೆಕ್ಕ ಸ್ವಾಮಿ! ಆದ್ದರಿಂದ ಕುದುರೆಮುಖ, ನೇತ್ರಾವತಿ ತುದಿಗಳ ಮಟ್ಟಿಗೆ ಪ್ಲಾನಿನ ಎರಡನೇ ಅರ್ಧವನ್ನು ಹೊಡೆದು ಹಾಕಿ. ನಡೆದು ಹೋಗಿ, ನಡೆದು ಬನ್ನಿ.

ಉಳಿದದ್ದು ಉದ್ಯಾನದ ಹೊರಗಿನ ಗುಡ್ಡಗಳು. ಎಸ್ಟೇಟಿನ ನೆತ್ತಿಯ ಮೇಲೆ ಇರುವ ಬೋಳುಗುಡ್ಡ, ಕಂದಾಯ ಜಮೀನಿನ ಹುಲ್ಲುಗುಡ್ಡ. ಅಲ್ಲಿ ಆಗುತ್ತದೆಯೇ? ಲೆಕ್ಕ ಹಾಕೋಣ.

ಗಾಳಿಯ ಟೈಮ್ ಟೇಬಲ್ಲು

ನಮ್ಮ ಗುಡ್ಡಗಳಲ್ಲಿ ಗಾಳಿಗೂ ಬಸ್ಸಿನ ಹಾಗೆ ಟೈಮುಂಟು. ಮಳೆಗಾಲದ ಮಾತೇ ಬೇಡ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವ ಜಾಗವಿದು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗ್ಗೆ ಕಣಿವೆ ತುಂಬ ಮಂಜು, ಅದು ಏಳುವಾಗ ಒಂಬತ್ತು ಗಂಟೆಯಾದರೂ ಆದೀತು. ಆಮೇಲೆ ಕೆಲ ಹೊತ್ತು ಪೂರ್ವದ ತೆಳುಗಾಳಿ. ಮಧ್ಯಾಹ್ನವಾಗುತ್ತಿದ್ದಂತೆ ಪಶ್ಚಿಮದಿಂದ ಸಮುದ್ರದ ಗಾಳಿ ಘಟ್ಟ ಹತ್ತಿ ಬರುತ್ತದೆ.

ಈ ರೆಕ್ಕೆಯವನು ಯಾವಾಗಲೂ ಗಾಳಿಗೆ ಮುಖ ಮಾಡಿ ಓಡಬೇಕು. ಬೆನ್ನಿಗೆ ಗಾಳಿ ಇದ್ದರೆ ಹಾರಲಾಗದು. ಮಧ್ಯಾಹ್ನ ಘಟ್ಟದ ಅಂಚಿನಲ್ಲಿ ನಿಂತವನಿಗೆ ಎದುರುಗಾಳಿ ಸಿಗುವುದು ಪಡುವಣ ದಿಕ್ಕಿಗೆ. ಆ ಕಡೆ ಕೆಳಗೆ ಏನಿದೆ? ದಕ್ಷಿಣ ಕನ್ನಡದ ಕಡೆಯ ಪ್ರಪಾತ, ದಟ್ಟ ಕಾಡು. ಸಂಸೆಯ ಗದ್ದೆ ಇರುವುದು ಮೂಡಣ ಮಗ್ಗುಲಲ್ಲಿ. ಅತ್ತ ಮುಖ ಮಾಡಿದರೆ ಗಾಳಿ ಬೆನ್ನಿಗೆ. ಸಾಲದ್ದಕ್ಕೆ, ಗುಡ್ಡ ದಾಟಿ ಬಂದ ಗಾಳಿ ಮರೆಯ ಮಗ್ಗುಲಲ್ಲಿ ಬಂಡೆ ದಾಟಿದ ಹೊಳೆನೀರಿನಂತೆ ಸುಳಿ ಸುತ್ತುತ್ತದೆ. ಆ ಸುಳಿ ಕಣ್ಣಿಗೆ ಕಾಣುವುದಿಲ್ಲ, ರೆಕ್ಕೆಯನ್ನು ಕರ್ಚೀಪಿನ ಹಾಗೆ ಮಡಚಿ ಹಾಕುತ್ತದೆ. ಹಾಗಾಗಿ ಮಂಜು ಎದ್ದ ಮೇಲೆ, ಸಮುದ್ರದ ಗಾಳಿ ಬರುವ ಮುಂಚೆ ಸಿಗುವ ಒಂದೆರಡು ತಾಸು ಮಾತ್ರ ಹಾರಾಟದ ಟೈಮು. ಆ ಬಸ್ಸು ತಪ್ಪಿದರೆ ನಡೆದೇ ಇಳಿಯಬೇಕು. ಇಷ್ಟು ದೂರ ಹೊತ್ತು ತಂದಿದ್ದೇನಲ್ಲ ಅಂತ ಹಾರಿದವನೇ ಕೆಡುವುದು.

ಮೋಡದ ವಿಷಯದಲ್ಲೂ ಒಂದು ಕತೆ ಕೇಳಿ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಎವಾ ವಿಸ್ನಿಯರ್ಸ್ಕಾ ಎಂಬ ಜರ್ಮನಿಯ ಹಾರಾಟಗಾರ್ತಿಯನ್ನು ಗುಡುಗಿನ ಮೋಡ ಹೀರಿಕೊಂಡು 9,900 ಮೀಟರಿಗಿಂತ ಮೇಲಕ್ಕೆ ಒಯ್ದಿತು. ವಿಮಾನ ಹಾರುವ ಎತ್ತರ! ಪ್ರಜ್ಞೆ ತಪ್ಪಿ, ಮೈಮೇಲೆ ಹಿಮಗಟ್ಟಿ, ಪುಣ್ಯಕ್ಕೆ ಬದುಕಿ ಇಳಿದರು. ಅದೇ ಮೋಡಕ್ಕೆ ಸಿಕ್ಕ ಚೀನಾದ ಹಾರಾಟಗಾರ ಬದುಕಲಿಲ್ಲ. ಇಬ್ಬರೂ ವಿಶ್ವ ಚಾಂಪಿಯನ್‌ಷಿಪ್ಪಿಗೆ ತಯಾರಾಗುತ್ತಿದ್ದವರು, ಹೊಸಬರಲ್ಲ.

ಗದ್ದೆ ಎಲ್ಲಿದೆ?

ಈಗ ಇಳಿಯುವ ಲೆಕ್ಕ. ಒಳ್ಳೆ ರೆಕ್ಕೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗುತ್ತದೆ. ಗದ್ದೆಗಿಂತ 500 ಮೀಟರ್ ಎತ್ತರದ ಗುಡ್ಡವಾದರೆ ಕಾಗದದ ಮೇಲೆ ನಾಲ್ಕು ಕಿಲೋಮೀಟರ್. ಆದರೆ ರೆಕ್ಕೆಯ ವೇಗ ಗಂಟೆಗೆ 36 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಎದುರುಗಾಳಿ 18 ಇದ್ದರೆ ನಾಲ್ಕು ಕಿಲೋಮೀಟರ್ ಎರಡಾಯಿತು. ಗಾಳಿ 36 ಆದರೆ ನಿಂತಲ್ಲೇ ನಿಂತು ಲಿಫ್ಟಿನ ಹಾಗೆ ನೇರ ಕೆಳಕ್ಕೆ! ಕೆಳಗೆ ಏನಿದೆಯೋ ಅದರ ಮೇಲೆ.

ಕೆಳಗೆ ಏನಿದೆ? ಕಾಫಿ ತೋಟ. ಕಾಫಿಯ ನೆರಳಿಗೆ ಅರವತ್ತು–ಎಂಬತ್ತು ಅಡಿಯ ಸಿಲ್ವರ್ ಓಕು, ಅದಕ್ಕೆ ಹಬ್ಬಿದ ಮೆಣಸು. ತೋಟದ ಮಧ್ಯೆ ಕರೆಂಟಿನ ತಂತಿ. ಹೊಸಬನಿಗೆ ನಿರಾಳವಾಗಿ ಇಳಿಯಲು ಫುಟ್‌ಬಾಲ್ ಮೈದಾನದಷ್ಟು ಬಯಲು ಬೇಕು. ನಮ್ಮಲ್ಲಿ ಅಂಥ ಬಯಲು ಅಂದರೆ ಕೊಯ್ಲು ಮುಗಿದ ಭತ್ತದ ಗದ್ದೆ. ಗದ್ದೆ ಎಲ್ಲಿದೆ ಹೇಳಿ? ಆಳಿಲ್ಲ, ಅಸಲು ಹುಟ್ಟೋದಿಲ್ಲ ಅಂತ ಮಲೆನಾಡಿನ ಉದ್ದಕ್ಕೂ ಗದ್ದೆಗಳು ಅಡಿಕೆ ತೋಟಗಳಾಗಿವೆ. ಇನ್ನೊಂದು ಸಪಾಟು ಜಾಗ ಕಾಫಿ ಒಣಗಿಸುವ ಕಣ. ಹಾರಲು ಹದವಾದ ತಿಂಗಳುಗಳಲ್ಲೇ ಕಣದ ತುಂಬ ಹಣ್ಣು ಹರಡಿರುತ್ತದೆ. ವರ್ಷದ ದುಡಿಮೆಯ ಮೇಲೆ ಯಾರೋ ಬೂಟುಗಾಲಿನಲ್ಲಿ ಬಂದು ಬಿದ್ದರೆ ಸಾಹುಕಾರರು ಹೂವಿನ ಹಾರ ಹಿಡಿದು ಬರುತ್ತಾರೆಯೇ?

ಹುಡುಕೋದು ಯಾರು?

ಇಳಿಯುವ ಜಾಗ ತಪ್ಪಿತು, ಮರಕ್ಕೆ ಸಿಕ್ಕಿದ ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಅಲ್ಲಾಡದೆ ತೂಗಾಡುತ್ತಾ ಇದ್ದರೆ ರಕ್ತ ಕಾಲಿಗಿಳಿದು ಪ್ರಜ್ಞೆ ಹೋಗುತ್ತದೆ, ಜೀವಕ್ಕೇ ಸಂಚಕಾರ. ಮೊಬೈಲಿಗೆ ಸಿಗ್ನಲ್ ಗುಡ್ಡದ ಈ ಬದಿ ಇದ್ದರೆ ಆ ಬದಿ ಇಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ಚಿಕ್ಕಮಗಳೂರಾಗಲಿ ಮಂಗಳೂರಾಗಲಿ, ಘಾಟಿ ರಸ್ತೆಯಲ್ಲಿ ನೂರು ಕಿಲೋಮೀಟರ್ ಆಸುಪಾಸು.

ಆಗ ಕರೆಯುವುದು ಯಾರನ್ನು? ಮೆಣಸು ಕೊಯ್ಯುವವನನ್ನು, ಅಡಿಕೆ ಕೊನೆಗಾರನನ್ನು. ಎಂಬತ್ತು ಅಡಿ ಮರ ಹತ್ತುವ ವಿದ್ಯೆ ಇರುವುದು ಅವರಿಗೆ. ಕೆಲಸ ಬಿಟ್ಟು ಬರುತ್ತಾರೆ, ಮನುಷ್ಯತ್ವ ಇದ್ದವರು. ಜೀಪಿನವನು ಬಾಡಿಗೆ ಬಿಟ್ಟು ಬರುತ್ತಾನೆ. ಅವರು ಬಿದ್ದರೆ? ಹಾರಿದವನಿಗೆ ಇನ್ಶೂರೆನ್ಸ್ ಇದ್ದೀತು, ಹತ್ತಿದವನಿಗೆ ಏನಿದೆ?

ಇದು ಹೆದರಿಸುವ ಮಾತಲ್ಲ. 2020ರ ಅಕ್ಟೋಬರಿನಲ್ಲಿ ಕಾರವಾರದ ಟಾಗೋರ್ ಬೀಚಿನಲ್ಲಿ ಮೋಟಾರು ಕಟ್ಟಿದ ಗ್ಲೈಡರು ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಅದು ಊರ ಮುಂದಿನ ಬೀಚು, ಕಾಡಲ್ಲ. 2025ರ ಜನವರಿಯಲ್ಲಿ ಗೋವಾದ ಕೇರಿಯಲ್ಲಿ ಪ್ರವಾಸಕ್ಕೆ ಬಂದ ಹೆಣ್ಣುಮಗಳು, ಆಕೆಯನ್ನು ಹಾರಿಸುತ್ತಿದ್ದ ಹುಡುಗ ಇಬ್ಬರೂ ಸತ್ತರು. ಪರವಾನಗಿ ಇಲ್ಲದೆ ನಡೆಸುತ್ತಿದ್ದರು ಅಂತ ಆಮೇಲೆ ಪೊಲೀಸ್ ಕೇಸಾಯಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಬೀರ್ ಹೇಳುವ ಪಾಠ

ಹಾಗಾದರೆ ಬೇಡವೇ ಬೇಡವೇ? ಹಿಮಾಚಲದ ಬೀರ್ ನೋಡಿ. ಚಹಾ ತೋಟ, ಟಿಬೆಟಿನ ನಿರಾಶ್ರಿತರ ಕಾಲೋನಿ ಇದ್ದ ಸಣ್ಣ ಊರು. ಮೇಲಿನ ಬಿಲ್ಲಿಂಗ್ ಗುಡ್ಡದಿಂದ ಹಾರಿ ಬೀರ್‌ನಲ್ಲಿ ಇಳಿಯುತ್ತಾರೆ. 2015ರಲ್ಲಿ ಅಲ್ಲಿ ಪ್ಯಾರಾಗ್ಲೈಡಿಂಗ್ ವರ್ಲ್ಡ್ ಕಪ್ಪೇ ನಡೆಯಿತು. ಅಂಗಡಿಯವನಿಗೆ, ಟ್ಯಾಕ್ಸಿಯವನಿಗೆ, ರೂಮು ಕೊಡುವವನಿಗೆ ಅನ್ನ ಹುಟ್ಟಿದೆ. ಅಲ್ಲಿ ಇಳಿಯಲು ಗೊತ್ತಾದ ಬಯಲಿದೆ. ರಾಜ್ಯಕ್ಕೆ ನಿಯಮಗಳಿವೆ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲಕ್ಕೆ ಹಾರಾಟ ಬಂದ್. ಇಷ್ಟಿದ್ದೂ ಅಲ್ಲಿ ಜೀವ ಹೋಗುವುದು ನಿಂತಿಲ್ಲ. ಏನೂ ಇಲ್ಲದ ಕಡೆ ಹೇಗಿದ್ದೀತು ಅಂತ ನೀವೇ ಊಹಿಸಿ.

ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ವಾಯುಕ್ರೀಡೆಗಳಿಗೆ ಒಂದು ರಾಷ್ಟ್ರೀಯ ನೀತಿ ತಂದಿದೆ. ಹಾರುವವರು, ಹಾರುವ ಸಾಮಾನು ನೋಂದಣಿಯಾಗಬೇಕು ಅನ್ನುತ್ತದೆ ಅದು. ನಮ್ಮ ಗುಡ್ಡಗಳಲ್ಲಿ ಯಾರಾದರೂ ಈ ವ್ಯಾಪಾರ ತೆರೆಯಲು ಬಂದರೆ ಪಂಚಾಯ್ತಿಯವರು ಕೇಳಬೇಕಾದದ್ದು ನಾಲ್ಕೇ ಮಾತು. ಉದ್ಯಾನದ ಗಡಿಯಿಂದ ದೂರದಲ್ಲಿ ಜಾಗ ಗುರುತಾಗಿದೆಯೇ? ಇಳಿಯುವ ಗದ್ದೆಯವನ ಒಪ್ಪಿಗೆ ಪತ್ರ, ಅವನಿಗೆ ಬಾಡಿಗೆ ಇದೆಯೇ? ನೋಂದಣಿ ಮತ್ತು ಇನ್ಶೂರೆನ್ಸ್ ಕಾಗದ ಎಲ್ಲಿ? ಮರದಿಂದ ಇಳಿಸುವವರಿಗೆ ಹಗ್ಗ, ತರಬೇತಿ, ಸಂಬಳ ಯಾರು ಕೊಡುತ್ತಾರೆ? ನಾಲ್ಕಕ್ಕೂ ಉತ್ತರ ಇದ್ದರೆ ಬರಲಿ, ಊರಿಗೆ ನಾಲ್ಕು ಕಾಸು ಬರುವುದಕ್ಕೆ ಯಾರೂ ಅಡ್ಡ ಬರಬೇಕಾಗಿಲ್ಲ. ಒಂದಕ್ಕೆ ಇಲ್ಲದಿದ್ದರೂ ಬಂದ ಬಸ್ಸಿಗೇ ವಾಪಸ್ಸು ಕಳಿಸಿ.

ಹಾರುವ ಆಸೆ ಇರುವ ಹುಡುಗರಿಗೂ ಒಂದು ಮಾತು. ವಿದ್ಯೆಯನ್ನು ವಿಡಿಯೋ ನೋಡಿ ಕಲಿಯಬೇಡಿ. ಮಹಾರಾಷ್ಟ್ರದ ಕಾಮ್‌ಶೇತ್‌ನಲ್ಲಿ, ಬೀರ್‌ನಲ್ಲಿ ಕಲಿಸುವ ಶಾಲೆಗಳಿವೆ. ಅಲ್ಲಿ ಹಾರಿ. ಸಂಸೆಗೆ ಬಂದಾಗ ಟಿಕೆಟ್ಟು ತೆಗೆದುಕೊಂಡು ಕಾಲ್ನಡಿಗೆಯಲ್ಲಿ ಹತ್ತಿ, ತುದಿಯಲ್ಲಿ ಗಾಳಿ ಕುಡಿದು, ಪ್ಲಾಸ್ಟಿಕ್ ಬಿಸಾಡದೆ ಕತ್ತಲಾಗುವ ಮುಂಚೆ ಇಳಿದು ಬನ್ನಿ.

ಇನ್ನು ಅಂಗಡಿಯವರೇ, ಜೀಪಿನವರೇ, ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರೇ, ಇಂಥ ಚೀಲ ಹೊತ್ತವನು ಯಾರಾದರೂ ಸಿಕ್ಕಿ ಗುಡ್ಡದ ದಾರಿ ಕೇಳಿದರೆ ದಾರಿ ಹೇಳುವ ಮೊದಲು ಒಂದೇ ಪ್ರಶ್ನೆ ಕೇಳಿ: “ಎಲ್ಲಿ ಇಳೀತೀಯಪ್ಪಾ?” ಗದ್ದೆಯ ಹೆಸರು, ಗದ್ದೆಯವನ ಹೆಸರು ಎರಡೂ ಹೇಳಿದರೆ ಅವನು ಪ್ಲಾನು ಮಾಡಿ ಬಂದವನು. ಗುಡ್ಡದ ತುದಿಯನ್ನಷ್ಟೇ ತೋರಿಸಿದರೆ ಒಂದು ಲೋಟ ಕಾಫಿ ಕೊಟ್ಟು ಕೂರಿಸಿ. ಅದರ ಬಿಲ್ಲು ಊರಿಗೆ ಅಗ್ಗವೇ ಬೀಳುತ್ತದೆ.